ನಗಿಸುವ ನಟ ನಿರ್ದೇಶಕನಾದಾಗ: ಆಶು ಹಾಸ್ಯದ ಬಗ್ಗೆ ಓದುಗರ ಪ್ರಶ್ನೆಗಳು

ಸ್ಕ್ರಿಪ್ಟ್ ಇಲ್ಲದೆ, ಪ್ರೇಕ್ಷಕರು ಕೂಗಿ ಹೇಳಿದ ಒಂದು ಪದವನ್ನೋ ಜಾಗವನ್ನೋ ಹಿಡಿದು ನಿಂತಲ್ಲೇ ದೃಶ್ಯ ಕಟ್ಟುವ ಇಂಪ್ರೊವೈಸೇಷನ್ ಹಾಸ್ಯದ ಬಗ್ಗೆ ಬಂದ ಪತ್ರಗಳಲ್ಲಿ ನಟನೆಗಿಂತ ನಿರ್ದೇಶನ, ಪಾಠ ಇವುಗಳ ಬಗ್ಗೆ ಕೇಳಿದವರೇ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಎಲ್ಲವೂ ವೇದಿಕೆಯ ಮೇಲೇ ಹುಟ್ಟುವುದಾದರೆ ಅಲ್ಲಿ ನಿರ್ದೇಶಕನಿಗೆ ಏನು ಕೆಲಸ?

ಉತ್ತರ: ಬೇಕಾದಷ್ಟಿದೆ. ಪೂರ್ತಿ ಆಶುವಾಗಿ ನಡೆಯುವ ಶೋದಲ್ಲೂ ಅದರ ಆಕಾರ, ಅವಧಿ, ಯಾರ ಜತೆ ಯಾರನ್ನು ನಿಲ್ಲಿಸಬೇಕು ಎಂಬುದು, ದೃಶ್ಯ ಯಾವಾಗ ಕತ್ತರಿಸಬೇಕು ಎಂಬ ಒಪ್ಪಂದ, ಇವೆಲ್ಲ ಮೊದಲೇ ಆಗಿರಬೇಕು. ತಾಲೀಮಿನಲ್ಲಿ ಮಾತು ಉರುಹೊಡೆಯುವುದಿಲ್ಲ, ನಿಜ. ಆದರೆ ಕೇಳಿಸಿಕೊಳ್ಳುವುದನ್ನು, ಬಿಟ್ಟುಕೊಡುವುದನ್ನು ದಿನಾ ತಾಲೀಮು ಮಾಡುತ್ತಾರೆ.

ಇನ್ನೊಂದು ಬಗೆಯೂ ಇದೆ. ಷಿಕಾಗೊದಲ್ಲಿ 1959ರ ಡಿಸೆಂಬರ್ 16ರಂದು ಬಾಗಿಲು ತೆರೆದ ಸೆಕೆಂಡ್ ಸಿಟಿ ಎಂಬ ಹಾಸ್ಯ ರಂಗತಂಡದ ಶೋಗಳಲ್ಲಿ ಬಹುಪಾಲು ದೃಶ್ಯಗಳು ಸಿದ್ಧವಾಗಿಯೇ ಇರುತ್ತವೆ. ಅವು ಹುಟ್ಟುವುದು ಮಾತ್ರ ಆಶುವಾಗಿ. ಎರಡು ಅಂಕ ಮುಗಿದ ಮೇಲೆ ನಟರು ಮತ್ತೆ ಬಂದು ಬಿಡುಬೀಸಾಗಿ ಆಡುತ್ತಾರೆ. ಅಲ್ಲಿ ಹಿಡಿದದ್ದು, ತಾಲೀಮಿನಲ್ಲಿ ತಿದ್ದಿಸಿಕೊಂಡು, ಮುಂದಿನ ಶೋಗೆ ಹೋಗುತ್ತದೆ. ಹತ್ತರಲ್ಲಿ ಎಂಟನ್ನು ಎಸೆಯುವ ಧೈರ್ಯ ಯಾರಿಗಾದರೂ ಇರಬೇಕಲ್ಲ, ಅದು ನಿರ್ದೇಶಕನಿಗೆ. ನಟರಿಗೆ ತಾವು ಹಡೆದದ್ದೆಲ್ಲ ಚಿನ್ನವೇ.

ಪ್ರಶ್ನೆ: ಆಶು ಹಾಸ್ಯದ ನಟರಾಗಿ ಶುರುಮಾಡಿ ನಿರ್ದೇಶಕರೂ ಶಿಕ್ಷಕರೂ ಆದವರು ಯಾರು? ಆ ದಾಟುವಿಕೆ ಹೇಗೆ ನಡೆಯಿತು?

ಉತ್ತರ: ಒಬ್ಬರನ್ನೇ ಹೆಸರಿಸಿ ಎಂದರೆ ಮೈಕ್ ನಿಕಲ್ಸ್. 1931ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿ, 1939ರಲ್ಲಿ ಏಳು ವರ್ಷದ ಹುಡುಗನಾಗಿ ಅಮೆರಿಕಕ್ಕೆ ಬಂದವರು. ಷಿಕಾಗೊ ವಿಶ್ವವಿದ್ಯಾಲಯದ ಬಳಿ 1955ರಲ್ಲಿ ಪಾಲ್ ಸಿಲ್ಸ್ ಮತ್ತು ಡೇವಿಡ್ ಶೆಫರ್ಡ್ ಕಟ್ಟಿದ ಕಂಪಾಸ್ ಪ್ಲೇಯರ್ಸ್ ತಂಡದಲ್ಲಿ ಇವರಿಗೆ ಇಲೇನ್ ಮೇ ಜೋಡಿಯಾದರು. ಅಲ್ಲಿಂದ ನ್ಯೂಯಾರ್ಕ್‌ನ ನೈಟ್‌ಕ್ಲಬ್‌ಗಳು, ಟಿ.ವಿ., 1960ರಲ್ಲಿ ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳ ತಾಣವಾದ ಬ್ರಾಡ್‌ವೇ. ಇಬ್ಬರೇ ನಡೆಸಿದ ಆ ಶೋ 306 ಪ್ರದರ್ಶನ ಕಂಡಿತು. ಅದರ ಕೊನೆಗೆ ಪ್ರೇಕ್ಷಕರಿಂದ ಒಂದು ಮೊದಲ ಸಾಲು, ಒಂದು ಕೊನೆಯ ಸಾಲು, ಒಬ್ಬ ಲೇಖಕನ ಶೈಲಿ ಕೇಳಿ ಪಡೆದು, ನಡುವಿನದೆಲ್ಲ ಅಲ್ಲೇ ಹೆಣೆಯುತ್ತಿದ್ದರು.

1961ರಲ್ಲಿ ಜೋಡಿ ಒಡೆಯಿತು. 1963ರಲ್ಲಿ ನಿಕಲ್ಸ್, ನಾಟಕಕಾರ ನೀಲ್ ಸೈಮನ್ ಅವರ ‘ಬೇರ್‌ಫುಟ್ ಇನ್ ದಿ ಪಾರ್ಕ್’ ನಾಟಕವನ್ನು ಬ್ರಾಡ್‌ವೇಯಲ್ಲಿ ನಿರ್ದೇಶಿಸಿದರು. ಅದಕ್ಕೆ ನಿರ್ದೇಶನದ ಟೋನಿ ಪ್ರಶಸ್ತಿ ಬಂತು. 1966ರಲ್ಲಿ ಮೊದಲ ಸಿನಿಮಾ. 1967ರ ‘ದಿ ಗ್ರ್ಯಾಜುಯೇಟ್’ ನಿರ್ದೇಶನದ ಆಸ್ಕರ್ ತಂದುಕೊಟ್ಟಿತು. 1988ರಲ್ಲಿ ತಮ್ಮ ಹಳೆಯ ಗುರುವೂ ಆಗಿದ್ದ ಪಾಲ್ ಸಿಲ್ಸ್ ಮತ್ತು ನಟನೆಯ ಶಿಕ್ಷಕ ಜಾರ್ಜ್ ಮಾರಿಸನ್ ಜತೆ ನ್ಯೂಯಾರ್ಕ್‌ನಲ್ಲಿ ನ್ಯೂ ಆಕ್ಟರ್ಸ್ ವರ್ಕ್‌ಶಾಪ್ ಎಂಬ ಶಾಲೆ ತೆರೆದು ಪಾಠ ಮಾಡಿದರು.

ಪಟ್ಟಿಗಿಂತ ಮುಖ್ಯವಾದದ್ದು ಆಶು ಅಭಿನಯದಿಂದ ಅವರು ಏನನ್ನು ಹೊತ್ತು ತಂದರು ಎಂಬುದು. ವೇದಿಕೆಯ ಮೇಲೆ ಮಾತು ಮುಗಿದುಹೋದರೂ ಏನಾದರೂ ನಡೆಯುತ್ತಲೇ ಇರಬೇಕು ಎಂಬುದು ಒಂದು. ‘ಬೇರ್‌ಫುಟ್’ ನಾಟಕದ ಮನೆ ಲಿಫ್ಟ್ ಇಲ್ಲದ ಕಟ್ಟಡದ ಮೇಲ್ಮಹಡಿಯಲ್ಲಿದೆ. ಬಂದವರೆಲ್ಲ ಏದುಸಿರು ಬಿಡುತ್ತಲೇ ಒಳಗೆ ಬರುತ್ತಾರೆ. ಆ ನಗು ಸಂಭಾಷಣೆಯದ್ದಲ್ಲ, ದೇಹದ್ದು. ಇನ್ನೊಂದು, ಯಾವ ದೃಶ್ಯವಾದರೂ ಒಂದೋ ಜಗಳ, ಒಂದೋ ಒಲಿಸಿಕೊಳ್ಳುವಿಕೆ, ಇಲ್ಲವೇ ಚೌಕಾಸಿ ಎಂಬ ವಿಂಗಡಣೆ. ಇದನ್ನು ಅವರು ಕೊನೆಯವರೆಗೂ ಬಳಸಿದರು. ತಾಲೀಮಿನಲ್ಲಿ ದೃಶ್ಯ ಮುಗ್ಗರಿಸಿದಾಗ ಈ ಮೂರರಲ್ಲಿ ಯಾವುದು ಎಂದು ಕೇಳಿ ನೋಡಿ. ಇಬ್ಬರು ನಟರು ಎರಡು ಬೇರೆ ಉತ್ತರ ಕೊಟ್ಟರೆ ರೋಗ ಅಲ್ಲೇ ಸಿಕ್ಕಿತು.

ಮೂರನೆಯದು, ಆಕಸ್ಮಿಕವನ್ನು ಗುರುತಿಸಿ ಉಳಿಸಿಕೊಳ್ಳುವ ಕಣ್ಣು. ‘ದಿ ಗ್ರ್ಯಾಜುಯೇಟ್’ನ ಹೋಟೆಲ್ ಕೋಣೆಯ ದೃಶ್ಯದಲ್ಲಿ ನಾಯಕ ನಟ ಡಸ್ಟಿನ್ ಹಾಫ್‌ಮನ್ ತಿರುಗಿ ಹೋಗಿ ಗೋಡೆಗೆ ತಲೆ ಬಡಿದುಕೊಳ್ಳುತ್ತಾರೆ. ನಗು ತಡೆಯಲಾಗದೆ ಮುಖ ಮರೆಸಲು ಹಾಗೆ ಮಾಡಿದೆ ಎಂದು ಅವರೇ ಆಮೇಲೆ ಹೇಳಿದ್ದಾರೆ. ಬೇರೆ ನಿರ್ದೇಶಕರಾದರೆ ಕಟ್ ಹೇಳಿಬಿಡುತ್ತಿದ್ದರೇನೋ. ಚಿತ್ರದಲ್ಲಿ ಅದು ಹುಡುಗನ ಹತಾಶೆಯಾಗಿ ಉಳಿದುಕೊಂಡಿತು.

ಇಲೇನ್ ಮೇ ಕೂಡ 1971ರ ‘ಎ ನ್ಯೂ ಲೀಫ್’ ಮೂಲಕ ಸಿನಿಮಾ ನಿರ್ದೇಶಕಿಯಾದರು. ಸೆಕೆಂಡ್ ಸಿಟಿಯಲ್ಲಿ ಆಡುತ್ತಿದ್ದ ಆಲನ್ ಆರ್ಕಿನ್ ಅದೇ ವರ್ಷ ‘ಲಿಟಲ್ ಮರ್ಡರ್ಸ್’ ಚಿತ್ರ ನಿರ್ದೇಶಿಸಿದರು. ಆಶು ಅಭಿನಯದ ಕಮ್ಮಟಗಳನ್ನೂ ನಡೆಸಿದರು.

ಪ್ರಶ್ನೆ: ಹಲವು ವರ್ಷಗಳಿಂದ ತಂಡದಲ್ಲಿ ನಟಿಸುತ್ತಿದ್ದೇನೆ. ಈಗ ಹೊಸಬರಿಗೆ ಪಾಠ ಮಾಡು ಎನ್ನುತ್ತಿದ್ದಾರೆ. ಮೊದಲ ತರಗತಿ ಹೇಗೆ ನಡೆಸಲಿ?

ಉತ್ತರ: ಮೊದಲು ಲೆಕ್ಕ. 12 ಜನ, ಎರಡೂವರೆ ಗಂಟೆ. ಇಬ್ಬಿಬ್ಬರ ದೃಶ್ಯಕ್ಕೆ 3 ನಿಮಿಷ, ಅದರ ಮೇಲಿನ ಮಾತಿಗೆ 2 ನಿಮಿಷ ಹಿಡಿದರೆ ಆರು ಜೋಡಿಗೆ ಅರ್ಧ ಗಂಟೆ. ಹಾಗಾದರೆ ಒಂದು ಗಂಟೆಯಲ್ಲಿ ಎಲ್ಲರಿಗೂ ಎರಡು ಸರದಿ ಸಿಗುತ್ತದೆ. 20 ಜನರನ್ನು ಸೇರಿಸಿಕೊಂಡರೆ ಒಂದು ಸುತ್ತಿಗೇ 50 ನಿಮಿಷ ಬೇಕು; ಉಳಿದವರು ಗೋಡೆಗೊರಗಿ ಕೂತು ವಿಮರ್ಶಕರಾಗಿಬಿಡುತ್ತಾರೆ. ಅದು ತರಗತಿಗೆ ಒಳ್ಳೆಯದಲ್ಲ.

ಮೈ ಸಡಿಲಿಸುವ, ಹೆಸರು ಕಲಿಯುವ ಆಟಗಳಿಗೆ 20 ನಿಮಿಷ ಸಾಕು. ಬಳಿಕ ಕನ್ನಡಿ ಆಟ, 15 ನಿಮಿಷ. ಇದು ವಯೋಲಾ ಸ್ಪೋಲಿನ್ ಅವರದ್ದು. 1920ರ ದಶಕದಲ್ಲಿ ಷಿಕಾಗೊದ ಹಲ್ ಹೌಸ್ ಎಂಬ ಸಮುದಾಯ ಕೇಂದ್ರದಲ್ಲಿ ನೀವಾ ಬಾಯ್ಡ್ ಅವರ ಬಳಿ ಮಕ್ಕಳ ಆಟಗಳ ಪಾಠ ಕಲಿತು, ಅದರಿಂದ ರಂಗ ಆಟಗಳನ್ನು ರೂಪಿಸಿದವರು. ಪಾಲ್ ಸಿಲ್ಸ್ ಅವರ ತಾಯಿ. ಇಬ್ಬರು ಎದುರುಬದುರು, ತೋಳಳತೆಯ ದೂರದಲ್ಲಿ ನಿಲ್ಲಲಿ. 2 ನಿಮಿಷ ಒಬ್ಬರು ಮುಂದಾಳು, ಮುಂದಿನ 2 ನಿಮಿಷ ಇನ್ನೊಬ್ಬರು. ಆಮೇಲೆ ಮುಂದಾಳು ಯಾರೂ ಇಲ್ಲ, ಇಬ್ಬರೂ ಹಿಂಬಾಲಿಸುವವರೇ. ಕೆಡುವುದು ಎಲ್ಲಿ ಎಂದರೆ, ಮುಂದಾಳು ಜೋಡಿಯನ್ನು ಸೋಲಿಸಲು ಸರಸರ ಕೈ ಬೀಸುತ್ತಾನೆ. ಹಿಂಬಾಲಿಸುವವರು ಅವನ ಕೈಯನ್ನೇ ನೋಡುತ್ತಾರೆ. ಕಣ್ಣು ನೋಡಿ, ಕೈ ತಾನಾಗಿ ಕಾಣುತ್ತದೆ ಎನ್ನಿ. ಮುಂದಾಳು ಯಾರೆಂದು ಹೊರಗೆ ನಿಂತವರಿಗೆ ಗೊತ್ತಾಗಬಾರದು, ಅಷ್ಟು ನಿಧಾನ.

ಮುಂದಿನ 25 ನಿಮಿಷ ಜಾಗ ಕಟ್ಟುವ ಆಟ. ಖಾಲಿ ವೇದಿಕೆ ಒಂದು ಅಡುಗೆಮನೆ ಎಂದಿಟ್ಟುಕೊಳ್ಳಿ. ಮೊದಲನೆಯವರು ಇಲ್ಲದ ಬಾಗಿಲು ತೆರೆದು ಬಂದು, ಇಲ್ಲದ ಒಂದು ವಸ್ತುವನ್ನು ಇರುವಂತೆಯೇ ಬಳಸಿ ಹೋಗುತ್ತಾರೆ. ಮುಂದಿನವರು ಅದನ್ನೂ ಬಳಸಬೇಕು, ತಮ್ಮದೊಂದನ್ನು ಸೇರಿಸಬೇಕು. ಐದನೆಯವರು ಬರುವಷ್ಟರಲ್ಲಿ ಬಾಗಿಲ ಚಿಲಕ ಒಂದು ಅಡಿ ಮೇಲೇರಿರುತ್ತದೆ, ಮೊದಲನೆಯವರು ಇಟ್ಟ ಮೇಜಿನ ನಡುವೆಯೇ ಯಾರೋ ನಡೆದುಹೋಗಿರುತ್ತಾರೆ. ಲೋಟವನ್ನು ವಿಶೇಷವಾಗಿ ಗಮನಿಸಿ. ನೀರು ಕುಡಿದವರು ಅದೇ ಕೈಯಲ್ಲಿ ಹೆಗಲು ತುರಿಸಿಕೊಳ್ಳುತ್ತಾರೆ. ಲೋಟ ಗಾಳಿಗೆ ಹೋಯಿತು. ಬೆರಳುಗಳ ನಡುವೆ ಲೋಟದಷ್ಟೇ ಜಾಗ ಇಟ್ಟುಕೊಂಡು, ಕೆಳಗಿಟ್ಟ ಮೇಲೆ ಬೆರಳು ಬಿಡಿಸಿ, ಆಮೇಲೆ ಕೈ ಎತ್ತಬೇಕು. ಇದು ಮೂಕಾಭಿನಯದ ಚಮತ್ಕಾರಕ್ಕಲ್ಲ. ಕೈಯಲ್ಲಿ ಕೆಲಸವಿದ್ದರೆ ಬಾಯಿ ಅವಸರದಲ್ಲಿ ಜೋಕು ಹುಡುಕುವುದಿಲ್ಲ.

10 ನಿಮಿಷ ಬಿಡುವು. ಆಮೇಲೆ ಇಬ್ಬಿಬ್ಬರ ದೃಶ್ಯ, ಒಂದು ಗಂಟೆ. ಉಳಿದ 20 ನಿಮಿಷಕ್ಕೆ ಎಲ್ಲರೂ ಸುತ್ತ ಕೂತು ಒಬ್ಬೊಬ್ಬರು ಒಂದೊಂದೇ ಪದ ಸೇರಿಸಿ ಕತೆ ಹೇಳುವ ಆಟ, ಜತೆಗೆ ಪ್ರಶ್ನೆಗಳು.

ದೃಶ್ಯ ನಡೆಯುವಾಗ ಬದಿಯಿಂದ ನೀವು ಕೊಡುವ ಸೂಚನೆ ಎರಡು ಮೂರು ಪದ ದಾಟಬಾರದು. ‘ಅವರನ್ನು ನೋಡಿ’, ‘ಲೋಟ ಕೈಯಲ್ಲಿದೆ’, ‘ಮಾಡಿ ತೋರಿಸಿ’. ಅವರು ನಿಮ್ಮ ಕಡೆ ತಿರುಗದೆ ಮುಂದುವರಿಯಬೇಕು. ಯಾವ ಕಾರಣಕ್ಕೂ ಡೈಲಾಗ್ ಹೇಳಿಕೊಡಬೇಡಿ. ಒಮ್ಮೆ ಕೊಟ್ಟರೆ ಮುಂದಿನ ದೃಶ್ಯದಲ್ಲಿ ನಿಮ್ಮ ಬಾಯಿಯನ್ನೇ ನೋಡುತ್ತಾ ನಿಲ್ಲುತ್ತಾರೆ. ನಟರಾಗಿ ಬಂದ ಶಿಕ್ಷಕರು ಎಡವುವುದೆಲ್ಲ ಇಲ್ಲೇ. ದೃಶ್ಯ ಮುಳುಗುವುದು ಕಂಡರೆ ಹಾರಿ ಎತ್ತುವುದು ಒಳ್ಳೆಯ ಆಶು ನಟನ ಗುಣ. ಶಿಕ್ಷಕರಾದ ಮೇಲೆ ಆ ಗುಣವೇ ಅಡ್ಡಿ. ಮುಳುಗಲಿ. ಎಲ್ಲಿ ತೂತು ಬಿತ್ತು ಎಂದು ಅವರಿಗೇ ಕಾಣಬೇಕು. ಹಾಗೆಯೇ, ‘ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ’ ಎಂಬ ವಾಕ್ಯವನ್ನು ಮರೆತುಬಿಡಿ. ನಡೆದದ್ದರ ಬಗ್ಗೆ ಮಾತಾಡಿ, ಒಬ್ಬರಿಗೆ ಒಂದೇ ಮಾತು. ಆಟದ ನಿಯಮ ತೋರಿಸಲು 20 ಸೆಕೆಂಡು ಅಭಿನಯಿಸಿ ಸಾಕು. ಅದಕ್ಕಿಂತ ಹೆಚ್ಚಾದರೆ 12 ಜನರೂ ನಿಮ್ಮ ನಕಲಾಗುತ್ತಾರೆ.

ಮೈ ಮುಟ್ಟುವ ವಿಷಯವನ್ನು ಮೊದಲ ಹತ್ತು ನಿಮಿಷದಲ್ಲೇ ಇತ್ಯರ್ಥ ಮಾಡಿ: ಎಲ್ಲಿ ಮುಟ್ಟಬಹುದು, ಯಾರಿಗೆ ಬೇಡ, ಯಾವ ಪದ ಹೇಳಿದರೆ ಆಟ ತಕ್ಷಣ ನಿಲ್ಲುತ್ತದೆ. ಬೇಡ ಎಂದವರ ಕಾರಣ ಕೇಳಬೇಡಿ.

ಪ್ರಶ್ನೆ: ‘ಹೌದು, ಜತೆಗೆ...’ ಎಂಬ ನಿಯಮ ಅಂದರೆ ಜತೆಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕೆ?

ಉತ್ತರ: ಇಲ್ಲ. ಜತೆಯವರು ಕೊಟ್ಟದ್ದನ್ನು ಒಪ್ಪಿ, ಅದಕ್ಕೆ ತಮ್ಮದನ್ನು ಸೇರಿಸುವುದು ಆ ನಿಯಮ. ಒಪ್ಪಬೇಕಾದದ್ದು ನಟ, ಪಾತ್ರವಲ್ಲ. ‘ಅಪ್ಪಾ, ಕಾರು ಗುದ್ದಿಬಿಟ್ಟೆ’ ಎಂದು ಒಬ್ಬರು ಬಂದರೆ, ನೀವು ಅಪ್ಪ, ಕಾರು ಇದೆ, ಗುದ್ದಿದ್ದೂ ನಿಜ. ಇಷ್ಟನ್ನು ಒಪ್ಪಿಕೊಂಡು ಮಗನ ಮೇಲೆ ಎಷ್ಟು ಬೇಕಾದರೂ ಕೂಗಾಡಿ. ‘ನಾನು ನಿನ್ನಪ್ಪ ಅಲ್ಲ’ ಎಂದರೆ ಮಾತ್ರ ದೃಶ್ಯ ಸತ್ತಿತು.

ಪ್ರಶ್ನೆ: ತಾಲೀಮಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕ ದೃಶ್ಯವನ್ನು ಶೋಗೆಂದು ಮತ್ತೆ ಮಾಡಿಸಿದರೆ ಸಪ್ಪೆಯಾಗುತ್ತದೆ. ಏನು ಕಾರಣ?

ಉತ್ತರ: ಎರಡನೇ ಸಲ ನಟರು ನಗು ಬಂದ ಸಾಲುಗಳನ್ನು ನೆನಪಿಟ್ಟುಕೊಂಡು ಬರುತ್ತಾರೆ, ಆ ಸಾಲುಗಳಿಗೆ ದಾರಿ ಮಾಡಿಕೊಟ್ಟದ್ದನ್ನು ಮರೆತು ಬರುತ್ತಾರೆ. ಒಂದು ಉದಾಹರಣೆ ನೋಡಿ. ಹಲ್ಲು ಕೀಳಿಸಲು ಬಂದ ರೋಗಿಗಿಂತ ಡಾಕ್ಟರೇ ಹೆಚ್ಚು ಹೆದರಿದ್ದಾರೆ. ಮೊದಲ ಸಲ ಡಾಕ್ಟರು ‘ಏನೂ ನೋವಾಗಲ್ಲ’ ಎನ್ನುತ್ತಾ ಕೈ ತೊಳೆದರು, ಮತ್ತೊಮ್ಮೆ ತೊಳೆದರು, ಉಪಕರಣ ಬೀಳಿಸಿದರು. ರೋಗಿಗೆ ಅನುಮಾನ ಬಂತು. ಎರಡು ನಿಮಿಷದ ಹೊತ್ತಿಗೆ ಡಾಕ್ಟರು ರೋಗಿಯ ಕೈ ಹಿಡಿದುಕೊಂಡರು. ನಗು ಸಿಡಿಯಿತು. ಎರಡನೇ ಸಲ ಅದೇ ನಟ ಹತ್ತನೇ ಸೆಕೆಂಡಿಗೇ ಕೈ ಹಿಡಿಯುತ್ತಾನೆ. ಭಯವೇ ಇನ್ನೂ ಏರಿಲ್ಲ, ನಗು ಎಲ್ಲಿಂದ ಬರಬೇಕು?

ಹಾಗಾಗಿ ತಾಲೀಮನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ವಿಡಿಯೊ ಬೇಡ. ವಿಡಿಯೊ ನೋಡಿದ ನಟ ತನ್ನ ಹಾವಭಾವವನ್ನೇ ನಕಲು ಮಾಡಲು ಹೊರಡುತ್ತಾನೆ. ಧ್ವನಿಯನ್ನೂ ನಿರ್ದೇಶಕರಷ್ಟೇ ಕೇಳಿದರೆ ಸಾಕು. ಮರುದಿನದೊಳಗೆ ಅರ್ಧ ಪುಟದಲ್ಲಿ ದೃಶ್ಯದ ಮೆಟ್ಟಿಲುಗಳನ್ನು ಬರೆಯಿರಿ: ಧೈರ್ಯ ಹೇಳುವುದು, ಕೈ ತೊಳೆಯುವುದು, ಬೀಳಿಸುವುದು, ಅನುಮಾನ, ರೋಗಿ ಸಮಾಧಾನ ಮಾಡುವುದು, ಕೈ ಹಿಡಿಯುವುದು, ಇಬ್ಬರೂ ಕುರ್ಚಿ ಬದಲಿಸುವುದು. ಪಕ್ಕದಲ್ಲಿ ನಗು ಎಷ್ಟನೇ ನಿಮಿಷ, ಸೆಕೆಂಡಿಗೆ ಬಂತು ಎಂಬ ಗುರುತು ಹಾಕಿ. ನಟರಿಗೆ ಮೂರನ್ನು ಮಾತ್ರ ಗಟ್ಟಿಮಾಡಿ ಕೊಡಿ: ಆರಂಭ, ನಡುವಿನ ತಿರುವು, ಕೊನೆಯ ಸಾಲು. ಉಳಿದದ್ದು ತೆರೆದೇ ಇರಲಿ. ಮೂರು ನಾಲ್ಕು ಸಲ ಹೀಗೆ ಆಡಿದ ಮೇಲೆ ಒಳ್ಳೆಯ ಮಾತುಗಳು ತಾವಾಗಿ ನಿಲ್ಲುತ್ತವೆ, ಆಗ ಬರೆದುಕೊಳ್ಳಿ. ಮೊದಲೇ ಬರೆದು ಕೈಗೆ ಕೊಟ್ಟರೆ ಕಾಗದ ಓದಿದ ಹಾಗೆ ಇರುತ್ತದೆ. ನಾಲ್ಕನೇ ಸಲವೂ ಏಳದಿದ್ದರೆ ಬಿಟ್ಟುಬಿಡಿ. ಅದು ಆ ಒಂದು ಸಂಜೆಯದ್ದು.

ಒಂದು ಗಂಟೆಯ ಶೋಗೆ 4ರಿಂದ 6 ನಿಮಿಷದ ದೃಶ್ಯಗಳು ಎಂಟು ಹತ್ತು, ನಡುನಡುವೆ ಒಂದೇ ನಗೆಗೆ ದೀಪ ಆರಿಸಿ ಮುಗಿಸುವ ಅರ್ಧ ನಿಮಿಷದ ಕಿರುದೃಶ್ಯಗಳು (ಬ್ಲಾಕ್‌ಔಟ್) ಸಾಕು. ಅತಿ ಗಟ್ಟಿ ದೃಶ್ಯವನ್ನು ಕೊನೆಗಿಂತ ಒಂದು ಮೊದಲು ಇಡಿ. ಕೊನೆಯದು ಇಡೀ ತಂಡದ್ದಾಗಿರಲಿ. ಒಂದೇ ಜೋಡಿಯ ಎರಡು ದೃಶ್ಯ, ಕೂತು ಮಾತಾಡುವ ಎರಡು ದೃಶ್ಯ ಒಂದರ ಹಿಂದೆ ಒಂದು ಬರಬಾರದು.

ಪ್ರಶ್ನೆ: ‘ಹೆರಾಲ್ಡ್’ ಎಂಬ ದೀರ್ಘ ಆಶು ಪ್ರದರ್ಶನದ ರೂಪ ಯಾವುದು? ಸಮಯ ಹೇಗೆ ಹಂಚಬೇಕು?

ಉತ್ತರ: ಇದು ಕೂಡ ನಟನಾಗಿ ಬಂದು ನಿರ್ದೇಶಕ, ಶಿಕ್ಷಕನಾದ ಡೆಲ್ ಕ್ಲೋಸ್ (1934–1999) ಅವರ ಹೆಸರಿನ ಜತೆ ಅಂಟಿಕೊಂಡದ್ದು. 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ‘ದಿ ಕಮಿಟಿ’ ತಂಡದಲ್ಲಿ ಶುರುವಾಗಿ, 1980ರ ದಶಕದಲ್ಲಿ ಷಿಕಾಗೊದ ಇಂಪ್ರೊವ್‌ಒಲಿಂಪಿಕ್ ಎಂಬ ಆಶು ರಂಗಸಂಸ್ಥೆಯಲ್ಲಿ, ಅದನ್ನು ನಡೆಸುತ್ತಿದ್ದ ಷಾರ್ನಾ ಹಾಲ್ಪರ್ನ್ ಜತೆಗೂಡಿ ಈಗಿನ ಆಕಾರ ಪಡೆಯಿತು. ಒಂದು ಪದದಿಂದ ಇಡೀ ತಂಡದ ಆರಂಭ, 3–4 ನಿಮಿಷ. ಸಂಬಂಧವಿಲ್ಲದ ಮೂರು ದೃಶ್ಯ, ಒಂದೊಂದಕ್ಕೆ 3 ನಿಮಿಷ. ಗುಂಪಿನ ಆಟ, 3 ನಿಮಿಷ. ಅದೇ ಮೂರು ದೃಶ್ಯಗಳ ಎರಡನೇ ಸುತ್ತು, 2 ನಿಮಿಷದಂತೆ. ಮತ್ತೆ ಗುಂಪಿನ ಆಟ, 3 ನಿಮಿಷ. ಮೂರನೇ ಸುತ್ತು ಒಂದೊಂದು ನಿಮಿಷ. ಇಲ್ಲಿ ಎಳೆಗಳು ಒಂದಕ್ಕೊಂದು ತಾಗುತ್ತವೆ. ಎಲ್ಲ ಸೇರಿ 28 ನಿಮಿಷದ ಆಸುಪಾಸು.

ಹೆಚ್ಚಿನ ತಂಡಗಳು ಎರಡನೇ ಸುತ್ತಿನಲ್ಲಿ ಕೆಡುತ್ತವೆ, ಕತೆ ಮುಂದುವರಿಸಲು ಹೋಗಿ. ತಡವಾಗಿ ಪುಸ್ತಕ ತಂದವರಿಗೆಲ್ಲ ದಂಡ ಹಾಕುವ ಲೈಬ್ರರಿಯನ್ ಮೊದಲ ಸುತ್ತಿನಲ್ಲಿದ್ದರೆ, ಮತ್ತೆ ಲೈಬ್ರರಿಗೆ ಹೋಗಬೇಡಿ. ಅವರ ಮದುವೆಗೆ ಹೋಗಿ. ತಡವಾಗಿ ಬಂದ ನೆಂಟರಿಗೆ ರಸೀದಿ ಹರಿಯಲಿ. ಎಳೆಗಳನ್ನು ಬಲವಂತವಾಗಿ ಬೇಗ ಜೋಡಿಸುವುದು ಇನ್ನೊಂದು ಕಾಯಿಲೆ. ದೃಶ್ಯ ಕತ್ತರಿಸಲು ವೇದಿಕೆಯ ಮುಂಭಾಗದಲ್ಲಿ ಒಬ್ಬರು ಅಡ್ಡ ಓಡುವ ರೂಢಿ ಇದೆ. ದೊಡ್ಡ ನಗು ಏರುತ್ತಿರುವಾಗಲೇ ಓಡಬೇಕು, ಇಳಿದ ಮೇಲಲ್ಲ.

ಪ್ರಶ್ನೆ: ತರಗತಿಯಲ್ಲಿ ಒಬ್ಬ ತುಂಬಾ ತಮಾಷೆಯ ಹುಡುಗನಿದ್ದಾನೆ. ಅವನಿದ್ದಲ್ಲಿ ಬೇರೆಯವರು ಮಂಕಾಗುತ್ತಾರೆ.

ಉತ್ತರ: ಎಲ್ಲ ತರಗತಿಯಲ್ಲೂ ಒಬ್ಬ ಇರುತ್ತಾನೆ. ಅವನಿಗೆ ಮೌನದ ಭಯ. ಎರಡು ಸೆಕೆಂಡು ಖಾಲಿ ಬಿಟ್ಟರೆ ಜೋಕು ತುರುಕುತ್ತಾನೆ. ಬುದ್ಧಿ ಹೇಳಿದರೆ ಪ್ರಯೋಜನವಿಲ್ಲ, ನಿಯಮ ಕೊಡಿ. ಜತೆಯವರ ಕೊನೆಯ ಪದದಿಂದಲೇ ಅವನ ಮಾತು ಶುರುವಾಗಬೇಕು, ಅಷ್ಟೇ. ಕೊನೆಯ ಪದ ಸಿಗಬೇಕಾದರೆ ಪೂರ್ತಿ ಕೇಳಿಸಿಕೊಳ್ಳಲೇಬೇಕು. ಇಲ್ಲವೇ ಮೂರು ಪದಕ್ಕಿಂತ ಉದ್ದ ಮಾತಿಲ್ಲ ಎನ್ನಿ.

ಅಂತಸ್ತಿನ ಆಟವೂ ಒಳ್ಳೆಯದು. ಇಸ್ಪೀಟಿನ 2ರಿಂದ 10ರವರೆಗಿನ ಎಲೆಗಳನ್ನು ಹಂಚಿ, ತಮ್ಮದನ್ನು ನೋಡದೆ ಹಣೆಗೆ ಹಿಡಿದುಕೊಳ್ಳಲಿ. ಬೇರೆಯವರು ಆ ಸಂಖ್ಯೆಗೆ ತಕ್ಕ ಮರ್ಯಾದೆ ಕೊಡಲಿ. ಅವನಿಗೆ 2 ಸಿಗುವ ಹಾಗೆ ನೋಡಿಕೊಳ್ಳಿ, ಸ್ವಲ್ಪ ಮೋಸವಾದರೂ ಪರವಾಗಿಲ್ಲ. ವೇದಿಕೆಯ ಮೇಲಿನ ಅಂತಸ್ತನ್ನು ಪಾಠದ ವಿಷಯವಾಗಿಸಿದವರು ಕೀತ್ ಜಾನ್‌ಸ್ಟನ್ (1933–2023). ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರ್‌ನಲ್ಲಿ ಶುರುಮಾಡಿ, ಆಮೇಲೆ ಕೆನಡಾದ ಕ್ಯಾಲ್ಗರಿಯಲ್ಲಿ ಲೂಸ್ ಮೂಸ್ ತಂಡ ಕಟ್ಟಿದವರು. 1968ರವರೆಗೆ ಬ್ರಿಟನ್ನಿನಲ್ಲಿ ನಾಟಕದ ಸ್ಕ್ರಿಪ್ಟ್‌ಗೆ ಮೊದಲೇ ಸರ್ಕಾರಿ ಅನುಮತಿ ಬೇಕಿತ್ತು. ಸ್ಕ್ರಿಪ್ಟೇ ಇಲ್ಲದವರು ಏನನ್ನು ಕೊಟ್ಟು ಅನುಮತಿ ಕೇಳುವುದು? ಹಾಗಾಗಿ ಅವರು ಪ್ರದರ್ಶನವನ್ನೇ ಪಾಠವೆಂದು ಜನರ ಮುಂದಿಟ್ಟರು.

ಪ್ರಶ್ನೆ: ನಿರ್ದೇಶನಕ್ಕೆ ಕಾಲಿಡುವ ಮೊದಲು ಎಲ್ಲಿ ಕಲಿಯಬೇಕು?

ಉತ್ತರ: ಲೈಟ್ ಬೂತಿನಲ್ಲಿ. ಹತ್ತು ಶೋಗೆ ದೀಪ ಆರಿಸುವ ಕೆಲಸ ಮಾಡಿ. ಅರ್ಧ ಸೆಕೆಂಡು ಬೇಗ ಆರಿಸಿದರೆ ನಗು ನುಂಗಿಹೋಗುತ್ತದೆ, ಎರಡು ಸೆಕೆಂಡು ತಡವಾದರೆ ನಟರು ಹೊಸ ಸಾಲು ಹುಡುಕಲು ಹೊರಡುತ್ತಾರೆ. ಬಳಿಕ ನಿಮ್ಮದಲ್ಲದ ಒಂದು ಸಣ್ಣ ತಂಡಕ್ಕೆ ಆರೆಂಟು ತಾಲೀಮುಗಳ ಮಟ್ಟಿಗೆ ಕೋಚ್ ಆಗಿ. ನಿಮ್ಮ ಗೆಳೆಯರ ತಂಡ ಬೇಡ. ನಿನ್ನೆಯವರೆಗೆ ಜತೆಗೆ ನಕ್ಕವರು ಇಂದು ನಿಮ್ಮ ಮಾತನ್ನು ತಮಾಷೆಗೇ ತೆಗೆದುಕೊಳ್ಳುತ್ತಾರೆ.

ಪ್ರಶ್ನೆ: ನಾನು ನಿರ್ದೇಶಿಸುವ ಶೋದಲ್ಲಿ ನಾನೂ ನಟಿಸಬಹುದೆ?

ಉತ್ತರ: ಮೊದಲ ಶೋದಲ್ಲಿ ಬೇಡ. ಒಳಗೆ ನಿಂತವರಿಗೆ ಪಕ್ಕದವರ ಮುಖ ಕಾಣುತ್ತದೆ, ದೃಶ್ಯ ಕಾಣುವುದಿಲ್ಲ. ಕೂಡಿ ಆಡಿದವರಲ್ಲಿ ಒಬ್ಬರು ಮೇಲೆ, ಒಬ್ಬರು ಕೆಳಗೆ ಆದಾಗ ಬರುವ ತೊಡಕೂ ಸಣ್ಣದಲ್ಲ. ನಿಕಲ್ಸ್ ಮತ್ತು ಮೇ ಜೋಡಿಗೂ ಅದು ಬಂತು. 1962ರಲ್ಲಿ ಮೇ ಬರೆದ ನಾಟಕವೊಂದರಲ್ಲಿ ನಿಕಲ್ಸ್ ನಟಿಸಿದರು. ಅವರು ವೇದಿಕೆಯ ಮೇಲೆ, ಆಕೆ ಪ್ರೇಕ್ಷಕರ ಸಾಲಿನಲ್ಲಿ ಕೂತು ಅಳೆಯುತ್ತಾ. ನಾಟಕ ಫಿಲಡೆಲ್ಫಿಯಾದಲ್ಲೇ ನಿಂತುಹೋಯಿತು, ಬ್ರಾಡ್‌ವೇ ತಲುಪಲಿಲ್ಲ. ಇಬ್ಬರ ಸ್ನೇಹಕ್ಕೂ ಅದರಿಂದ ಪೆಟ್ಟು ಬಿತ್ತು.

ಜನ ಸಾಲದೆ ನಟಿಸಲೇಬೇಕಾದರೆ ಸಣ್ಣ ಪಾತ್ರ ಒಂದೋ ಎರಡೋ ಇಟ್ಟುಕೊಳ್ಳಿ, ಅದೂ ಗುಂಪಿನ ದೃಶ್ಯದಲ್ಲಿ. ನೀವಿರುವ ದೃಶ್ಯಗಳ ಬಗ್ಗೆ ಹೊರಗೆ ಕೂತ ಒಬ್ಬರೇ ಒಬ್ಬರು ಟಿಪ್ಪಣಿ ಹೇಳಲಿ. ನಿಮ್ಮ ಟಿಪ್ಪಣಿಗಳಿಗಿಂತ ಮೊದಲು, ಎಲ್ಲರೆದುರಿಗೇ ಹೇಳಲಿ. ನೀವು ಬರೆದುಕೊಳ್ಳಿ, ವಾದ ಮಾಡಬೇಡಿ.